ಹಸು ತರೋದು ಬೇರೆ, ಹಸುವನ್ನು ತರೋದು ಬೇರೆ

ಐದನೇ ಕ್ಲಾಸಿನ ಒಬ್ಬ ಹುಡುಗ ಮೂರು ವಾರದಿಂದ ಒಂದೇ ತಪ್ಪು ಮಾಡುತ್ತಿದ್ದ. ‘ಐ ಲಿವ್ ಇನ್ ಆ್ಯನ್ ಹೌಸ್’ ಅಂತ ಬರೆಯುತ್ತಿದ್ದ. ನಾನು ಕೆಂಪು ಪೆನ್ನಿನಲ್ಲಿ ‘ಆ್ಯನ್’ ಹೊಡೆದು, ಮೇಲೆ ‘ಎ’ ಬರೆದು ಕೊಡುತ್ತಿದ್ದೆ. ಮುಂದಿನ ವಾರ ನೋಡಿದರೆ ‘ಆ್ಯನ್ ಹೆನ್’, ‘ಆ್ಯನ್ ಹ್ಯಾಂಡ್’. ಆದರೆ ‘ಎ ಬುಕ್’, ‘ಎ ಕ್ಯಾಟ್’, ‘ಆ್ಯನ್ ಆ್ಯಂಟ್’ ಇವುಗಳಲ್ಲಿ ಒಂದೂ ತಪ್ಪಿಲ್ಲ. ನಿಯಮ ಗೊತ್ತಿಲ್ಲದ ಮಗು ಹೀಗೆ ಬರೆಯುವುದಿಲ್ಲ. ಎಲ್ಲಾ ಕಡೆ ತಪ್ಪುತ್ತದೆ. ಇವನು ತಪ್ಪುತ್ತಿದ್ದದ್ದು ‘ಎಚ್’ ಅಕ್ಷರದಿಂದ ಶುರುವಾಗುವ ಪದಗಳಲ್ಲಿ ಮಾತ್ರ.

ನಾನು ಇರೋದು ಮೈಸೂರಿನಲ್ಲಿ. ಕೆಲಸ ಮಂಡ್ಯ ಜಿಲ್ಲೆಯ ಪಾಂಡವಪುರ ತಾಲ್ಲೂಕಿನ ಒಂದು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ. ದಿನಾ ಟ್ರೇನಿನಲ್ಲಿ ಹೋಗಿ ಬರುತ್ತೇನೆ. ಮಕ್ಕಳ ನೋಟ್ಸು ತಿದ್ದುವುದು ಹೆಚ್ಚಾಗಿ ಆ ಪ್ರಯಾಣದಲ್ಲೇ. ಅವತ್ತು ಶ್ರೀರಂಗಪಟ್ಟಣ ದಾಟುವ ಹೊತ್ತಿಗೆ ಅವನ ಪುಸ್ತಕ ಕೈಗೆ ಬಂತು. ಮತ್ತೆ ‘ಆ್ಯನ್ ಹೌಸ್’. ಈ ಸಲ ಪೆನ್ನು ಮುಟ್ಟಲಿಲ್ಲ. ಶಾಲೆಗೆ ಹೋದವಳೇ ಅವನನ್ನು ಕರೆದು, ‘ನೀನೇ ಬರೆದಿದ್ದನ್ನು ಜೋರಾಗಿ ಓದಪ್ಪ’ ಅಂದೆ.

ಅವನು ಓದಿದ. ‘ಐ ಲಿವ್ ಇನ್ ಆ್ಯನ್ ಔಸ್.’

ಅಷ್ಟೇ. ಅವನ ಬಾಯಲ್ಲಿ ‘ಹ’ ಇಲ್ಲ. ನಮ್ಮ ಮಂಡ್ಯ ಕಡೆ ಹಾಲು ‘ಆಲು’, ಹಳ್ಳಿ ‘ಅಳ್ಳಿ’, ಹೋಗು ‘ಓಗು’. ಅವನ ಮನೆಯಲ್ಲಿ, ಬೀದಿಯಲ್ಲಿ, ಗದ್ದೆಯಲ್ಲಿ ಎಲ್ಲರೂ ಹಾಗೇ ಮಾತಾಡುತ್ತಾರೆ. ಅದು ಆ ಊರಿನ ಕನ್ನಡ, ಅದರಲ್ಲಿ ತಪ್ಪೇನೂ ಇಲ್ಲ. ಹೌಸ್ ಅವನಿಗೆ ಔಸ್. ಔಸ್ ಅಂದಮೇಲೆ ಅದು ಸ್ವರದಿಂದಲೇ ಶುರುವಾಯಿತಲ್ಲ. ಸ್ವರದ ಮುಂದೆ ‘ಆ್ಯನ್’ ಅಂತ ಹೇಳಿಕೊಟ್ಟವಳು ನಾನೇ. ನಾನು ಹೇಳಿಕೊಟ್ಟಿದ್ದನ್ನು ಅವನು ಅಚ್ಚುಕಟ್ಟಾಗಿ ಮಾಡಿದ್ದ. ಮೂರು ವಾರ ನಾನು ಅವನ ಸರಿಯಾದ ಕಿವಿಗೆ ಕೆಂಪು ಗೆರೆ ಎಳೆದಿದ್ದೆ.

ಆಮೇಲೆ ಇನ್ನೊಂದು ವಿಷಯ ಹೊಳೆಯಿತು. ಅದೇ ಕ್ಲಾಸಿನಲ್ಲಿ ಐದಾರು ಮಕ್ಕಳು ‘ಎ ಎಗ್’ ಅಂತ ಬರೆಯುತ್ತಿದ್ದರು. ಅವರಿಂದಲೂ ಓದಿಸಿದೆ. ‘ಎ ಯೆಗ್’ ಅಂದರು. ನಾವು ಎಲೆಯನ್ನು ‘ಯೆಲೆ’ ಅಂತೀವಿ, ಎಂಟನ್ನು ‘ಯೆಂಟು’ ಅಂತೀವಿ. ಒಂದನ್ನು ‘ವೊಂದು’ ಅನ್ನುವವರೂ ಇದ್ದಾರೆ. ಕನ್ನಡದಲ್ಲಿ ಬರೆಯುವಾಗ ‘ಎ’, ಬಾಯಿ ತೆರೆದರೆ ‘ಯೆ’. ಯೆಗ್ ಶುರುವಾಗುವುದು ‘ಯ’ಕಾರದಿಂದ, ಅಂದರೆ ವ್ಯಂಜನದಿಂದ. ಹಾಗಾಗಿ ‘ಎ ಯೆಗ್’. ಅವರ ಕಿವಿಯ ಲೆಕ್ಕವೂ ಸರಿಯೇ.

ಈ ಎರಡು ತಪ್ಪುಗಳು ನನಗೆ ಆರ್ಟಿಕಲ್ಸ್, ಅಂದರೆ ‘ಎ’, ‘ಆ್ಯನ್’, ‘ದಿ’ ಪಾಠವನ್ನು ಬುಡದಿಂದ ಮತ್ತೆ ಯೋಚಿಸುವ ಹಾಗೆ ಮಾಡಿದವು.

ನಾನು ಓದುವಾಗ ಇಂಗ್ಲಿಷ್ ಶುರುವಾಗುತ್ತಿದ್ದದ್ದು ಐದನೇ ಕ್ಲಾಸಿನಲ್ಲಿ. 2007-08ರಿಂದ ಸರ್ಕಾರಿ ಶಾಲೆಗಳಲ್ಲಿ ಒಂದನೇ ಕ್ಲಾಸಿಗೇ ಇಂಗ್ಲಿಷ್ ಒಂದು ವಿಷಯವಾಗಿ ಬಂತು. ಇಷ್ಟು ವರ್ಷ ಕಳೆದರೂ ಆರ್ಟಿಕಲ್ಸ್ ಹೇಳಿಕೊಡುವ ರೀತಿ ಮಾತ್ರ ಜಾಸ್ತಿ ಬದಲಾಗಿಲ್ಲ. ‘ಎ, ಇ, ಐ, ಓ, ಯು ಬಂದರೆ ಆ್ಯನ್, ಬೇರೆ ಬಂದರೆ ಎ, ಗೊತ್ತಿರೋದಕ್ಕೆ ದಿ.’ ಮಕ್ಕಳು ಇದನ್ನು ಮಗ್ಗಿಯ ಹಾಗೆ ಒಪ್ಪಿಸುತ್ತಾರೆ. ನಾನೂ ಹೀಗೇ ಕಲಿತೆ, ಬಹಳ ವರ್ಷ ಹೀಗೇ ಕಲಿಸಿದೆ.

ಇದರಲ್ಲಿ ಮೊದಲನೇ ತೊಂದರೆ ಏನೆಂದರೆ, ಇದು ಕಣ್ಣಿನ ನಿಯಮ. ನಿಜವಾದ ನಿಯಮ ಇರೋದು ಕಿವಿಯಲ್ಲಿ. ಪದ ಯಾವ ಅಕ್ಷರದಿಂದ ಶುರುವಾಗುತ್ತದೆ ಅನ್ನುವುದು ಲೆಕ್ಕಕ್ಕಿಲ್ಲ, ಯಾವ ಸದ್ದಿನಿಂದ ಅನ್ನುವುದಷ್ಟೇ ಲೆಕ್ಕ. ‘ಯುನಿವರ್ಸಿಟಿ’ಯ ಮೊದಲ ಅಕ್ಷರ ಸ್ವರ, ಸದ್ದು ಮಾತ್ರ ‘ಯು’. ಹಾಗಾಗಿ ‘ಎ ಯುನಿವರ್ಸಿಟಿ’. ‘ಅವರ್’ ಪದದ ಮೊದಲ ಅಕ್ಷರ ‘ಎಚ್’, ಆದರೆ ಅದಕ್ಕೆ ಸದ್ದೇ ಇಲ್ಲ. ಹಾಗಾಗಿ ‘ಆ್ಯನ್ ಅವರ್’. ‘ಎ ಒನ್ ರುಪೀ ಕಾಯಿನ್’ ಅನ್ನಬೇಕು, ಯಾಕೆಂದರೆ ‘ಒನ್’ ಪದವನ್ನು ‘ವನ್’ ಅಂತಲೇ ಹೇಳುವುದು.

ಮಕ್ಕಳಿಗೆ ಇದು ಬೇಗ ಹತ್ತುವುದು ಊರಿನ ಮಾತಿನಲ್ಲಿ ಈಗಾಗಲೇ ಇರುವ ಪದಗಳಿಂದ. ಎಂಎಲ್ಎ ಅಂದಾಗ ಮೊದಲು ಬರುವುದು ‘ಎಂ’. ಹಾಗಾಗಿ ‘ಆ್ಯನ್ ಎಂಎಲ್ಎ’. ಎಲ್ಐಸಿ ಏಜೆಂಟ್ ಆದರೆ ‘ಆ್ಯನ್’. ಕೆಎಸ್ಆರ್‌ಟಿಸಿ ಬಸ್ ಆದರೆ ‘ಎ’. ಕನ್ನಡ ಅಕ್ಷರದಲ್ಲಿ ಬರೆದು ತೋರಿಸಿದರಂತೂ ಇನ್ನೂ ಸುಲಭ. ನಮ್ಮ ಲಿಪಿ ಬಹುಮಟ್ಟಿಗೆ ಸದ್ದನ್ನು ಇದ್ದ ಹಾಗೇ ಬರೆಯುತ್ತದೆ. ‘ಯು’ ಅಂತ ಬರೆದ ಮೇಲೆ ಅದು ಸ್ವರವೋ ವ್ಯಂಜನವೋ ಅಂತ ಮೂರನೇ ಕ್ಲಾಸಿನ ಮಗುವೂ ಹೇಳುತ್ತದೆ. ಇಂಗ್ಲಿಷ್ ಪಾಠಕ್ಕೆ ಕನ್ನಡ ಅಕ್ಷರ ಬಳಸಬಾರದು ಅನ್ನುವವರು ಇದ್ದಾರೆ. ಈ ಒಂದು ಜಾಗದಲ್ಲಿ ಕನ್ನಡ ಅಕ್ಷರದಷ್ಟು ಒಳ್ಳೆ ಉಪಕರಣ ಬೇರೆ ಇಲ್ಲ ಅಂತ ನನ್ನ ಅನುಭವ.

‘ಔಸ್’ ಹುಡುಗನಿಗೆ ಮಾಡಿದ್ದು ಇಷ್ಟೇ. ಅಂಗೈಯನ್ನು ಬಾಯಿ ಮುಂದೆ ಹಿಡಿದುಕೊಂಡು ‘ಅ’ ಅನ್ನು ಅಂದೆ. ಆಮೇಲೆ ‘ಹ’ ಅನ್ನು ಅಂದೆ. ‘ಹ’ ಅಂದಾಗ ಅಂಗೈಗೆ ಬಿಸಿ ಉಸಿರು ತಾಗುತ್ತದೆ. ಅವನು ನಾಲ್ಕೈದು ಸಲ ಮಾಡಿ ನೋಡಿದ. ಪಕ್ಕದವನ ಅಂಗೈಗೂ ಉಸಿರು ಬಿಟ್ಟ. ಇಡೀ ಕ್ಲಾಸು ಹತ್ತು ನಿಮಿಷ ‘ಹ ಹ ಹ’ ಅಂತ ಅಂಗೈಗೆ ಊದುತ್ತಾ ಕೂತಿತ್ತು. ‘ಮನೇಲಿ ಆಲು ಅಂತಲೇ ಅನ್ನಿ, ಅದು ನಿಮ್ಮ ಮಾತು. ಇಂಗ್ಲಿಷ್ ಹೌಸಿಗೆ ಮಾತ್ರ ಅಂಗೈ ಬಿಸಿಯಾಗಬೇಕು’ ಅಂದೆ. ಮನೆಯ ಮಾತನ್ನು ಕೀಳು ಮಾಡಿ ಇನ್ನೊಂದು ಭಾಷೆ ಕಲಿಸಿದರೆ ಮಗು ಎರಡರಲ್ಲೂ ಬಾಯಿ ಮುಚ್ಚಿಕೊಳ್ಳುತ್ತದೆ. ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಅಂದಹಾಗೆ, 1611ರಲ್ಲಿ ಇಂಗ್ಲೆಂಡಿನಲ್ಲಿ ಅಚ್ಚಾದ ಬೈಬಲ್ ಅನುವಾದದಲ್ಲಿ ‘ಆ್ಯನ್ ಹೌಸ್’ ಅಂತಲೇ ಇದೆ. ಆ ಕಾಲಕ್ಕೆ ಅದೇ ಸರಿ. ಈಗಲೂ ‘ಆ್ಯನ್ ಹಿಸ್ಟಾರಿಕ್’ ಅಂತ ಬರೆಯುವ ಇಂಗ್ಲಿಷರು ಇದ್ದಾರೆ. ಪಾಂಡವಪುರದ ಹುಡುಗ ಮಾಡಿದ್ದು ಆ ಭಾಷೆಗೆ ಹೊರಗಿನ ತಪ್ಪೇನೂ ಅಲ್ಲ.

ಈ ‘ಎನ್’ ಯಾಕೆ ಬಂತು ಅಂತ ಮಕ್ಕಳು ಕೇಳುತ್ತಾರೆ. ನಾನು ಬೋರ್ಡಿನ ಮೇಲೆ ‘ಮನೆ’, ‘ಅಲ್ಲಿ’ ಅಂತ ಬರೆದು ಸೇರಿಸಿ ಅನ್ನುತ್ತೇನೆ. ‘ಮನೆಯಲ್ಲಿ’ ಅಂತಾರೆ. ಈ ‘ಯ’ ಎಲ್ಲಿಂದ ಬಂತು? ‘ಹಸು’, ‘ಅನ್ನು’ ಸೇರಿಸಿ. ‘ಹಸುವನ್ನು.’ ಈ ‘ವ’ ಎಲ್ಲಿಂದ ಬಂತು? ಎರಡು ಸ್ವರ ಎದುರಾದರೆ ನಾಲಿಗೆಗೆ ಕಷ್ಟ. ನಡುವೆ ಒಂದು ವ್ಯಂಜನ ಬೇಕು. ದೊಡ್ಡ ಕ್ಲಾಸಿನಲ್ಲಿ ಇದಕ್ಕೆ ಆಗಮ ಸಂಧಿ ಅಂತೀವಿ. ಸಂಧಿಯ ಹೆಸರು ಗೊತ್ತಿಲ್ಲದ ಮಗುವೂ ದಿನಕ್ಕೆ ನೂರು ಸಲ ಸಂಧಿ ಮಾಡುತ್ತದೆ. ‘ಎ ಆ್ಯಪಲ್’ ಅಂತ ಹೇಳಿ ನೋಡಿ, ಗಂಟಲು ಒಂದು ಕ್ಷಣ ಕಟ್ಟುತ್ತದೆ. ‘ಆ್ಯನ್ ಆ್ಯಪಲ್’ ಅಂದರೆ ನೀರು ಹರಿದ ಹಾಗೆ.

ಚರಿತ್ರೆ ನೋಡಿದರೆ ಇಂಗ್ಲಿಷಿನಲ್ಲಿ ‘ಎನ್’ ಹೊಸದಾಗಿ ಬಂದು ಸೇರಿದ್ದಲ್ಲ. ಮೊದಲು ಇದ್ದದ್ದೇ ‘ಆನ್’. ಹಳೆಯ ಇಂಗ್ಲಿಷಿನಲ್ಲಿ ಅದರ ಅರ್ಥ ‘ಒಂದು’. ಈಗಿನ ‘ಒನ್’ ಕೂಡ ಅದೇ ಪದದಿಂದ ಬಂದದ್ದು. ಕಾಲ ಕಳೆದಂತೆ ವ್ಯಂಜನದ ಮುಂದೆ ‘ಎನ್’ ಉದುರಿಹೋಯಿತು, ಸ್ವರದ ಮುಂದೆ ಉಳಿಯಿತು. ನಮ್ಮ ಪಕ್ಕದ ತಮಿಳಿನಲ್ಲೂ ಹೀಗೊಂದು ವ್ಯವಸ್ಥೆ ಇದೆ. ಬರವಣಿಗೆಯ ತಮಿಳಿನಲ್ಲಿ ‘ಒರು ಮರಂ’, ಆದರೆ ಸ್ವರದ ಮುಂದೆ ‘ಓರ್ ಊರ್’. ‘ಒಂದು’ ಅನ್ನುವ ಪದ ಮುಂದಿನ ಸದ್ದನ್ನು ನೋಡಿ ರೂಪ ಬದಲಿಸುವುದು ನಮ್ಮ ನೆರೆಹೊರೆಯಲ್ಲೇ ನಡೆಯುವ ವಿಷಯ.

ಕೆಲವು ಸಲ ಈ ‘ಎನ್’ ಯಾವ ಪದಕ್ಕೆ ಸೇರಿದ್ದು ಅಂತ ಇಂಗ್ಲಿಷರಿಗೇ ಗೊಂದಲವಾಗಿದೆ. ಅಡುಗೆ ಮಾಡುವಾಗ ಕಟ್ಟಿಕೊಳ್ಳುವ ‘ಏಪ್ರನ್’ ಮೊದಲು ‘ನೇಪ್ರನ್’ ಆಗಿತ್ತು. ‘ಎ ನೇಪ್ರನ್’ ಅನ್ನುವುದನ್ನು ಕೇಳಿದವರು ‘ಆ್ಯನ್ ಏಪ್ರನ್’ ಅಂದುಕೊಂಡರು. ‘ಆ್ಯಡರ್’ ಅಂತ ಒಂದು ವಿಷದ ಹಾವು. ಅದೂ ಹಿಂದೆ ‘ನ್ಯಾಡರ್’. ಹಾವಿನ ಕತೆ ಹೇಳಿದ ದಿನ ಕ್ಲಾಸಿನಲ್ಲಿ ಒಬ್ಬರೂ ಕಿಟಕಿ ಕಡೆ ನೋಡಲಿಲ್ಲ.

ಇಷ್ಟಾದರೂ ‘ಎ’, ‘ಆ್ಯನ್’ ಸಣ್ಣ ಕೆಲಸ. ಒಂದು ತಿಂಗಳಲ್ಲಿ ಕಿವಿ ಪಳಗುತ್ತದೆ. ಕಷ್ಟದ ಕೆಲಸ ಇರುವುದು ‘ಎ’ ಮತ್ತು ‘ದಿ’ ನಡುವೆ. ಇಂಗ್ಲಿಷಿನಲ್ಲಿ ಎಲ್ಲಕ್ಕಿಂತ ಹೆಚ್ಚು ಬಳಕೆಯಾಗುವ ಪದ ‘ದಿ’. ನಮ್ಮಲ್ಲಿ ಅಂಥ ಪದವೇ ಇಲ್ಲ. ಕನ್ನಡಕ್ಕೆ ಇಲ್ಲ, ತಮಿಳು, ತೆಲುಗು, ಹಿಂದಿಗೂ ಇಲ್ಲ, ಸಂಸ್ಕೃತಕ್ಕೂ ಇಲ್ಲ. ರಷ್ಯನ್ ಭಾಷೆಗೂ ಇಲ್ಲ. ಹಾಗಾಗಿ ರಷ್ಯದ ಮಕ್ಕಳೂ ನಮ್ಮ ಮಕ್ಕಳ ಹಾಗೇ ಇಲ್ಲಿ ಎಡವುತ್ತಾರೆ. ಇದು ಬುದ್ಧಿಗೆ ಸಂಬಂಧಿಸಿದ್ದಲ್ಲ. ಇಲ್ಲದ ಪದಕ್ಕೆ ಜಾಗ ಮಾಡಿಕೊಳ್ಳಬೇಕು, ಅಷ್ಟೇ.

‘ದಿ’ ಅಂದರೆ ‘ಆ’ ಅಂತ ಹೇಳಿಕೊಡುವುದು ರೂಢಿ. ‘ದ ಬಾಯ್ ಅಂದ್ರೆ ಆ ಹುಡುಗ.’ ಅರ್ಧ ಸರಿ. ಹುಟ್ಟಿನಲ್ಲಿ ‘ದಿ’ ಮತ್ತು ‘ದಟ್’ ಒಂದೇ ಬಳ್ಳಿಯವು. ಆದರೆ ‘ದ ಸನ್’ ಬಂದಾಗ ‘ಆ ಸೂರ್ಯ’ ಅಂದರೆ ಸರಿಹೋಗುತ್ತದಾ? ಆ ಸೂರ್ಯ ಹುಟ್ಟಿದ ಅಂತ ಯಾರೂ ಹೇಳುವುದಿಲ್ಲ. ಇನ್ನೊಬ್ಬ ಸೂರ್ಯ ಇದ್ದಾನೇನೋ ಅನ್ನಿಸುತ್ತದೆ. ನಾನೀಗ ಮಕ್ಕಳಿಗೆ ಹೇಳುವುದು ಬೇರೆ. ‘ದಿ’ ಅಂದರೆ ‘ಯಾವುದು ಅಂತ ನನಗೂ ಗೊತ್ತು, ನಿನಗೂ ಗೊತ್ತು’. ‘ಎ’ ಅಂದರೆ ‘ಯಾವುದು ಅಂತ ನಿನಗಿನ್ನೂ ಗೊತ್ತಿಲ್ಲ’. ಕೇಳುವವನ ತಲೆಯಲ್ಲಿ ಏನಿದೆ ಅಂತ ಹೇಳುವವನು ಊಹೆ ಮಾಡಬೇಕು. ಇದು ವ್ಯಾಕರಣಕ್ಕಿಂತ ಹೆಚ್ಚಾಗಿ ಎದುರಿಗಿರುವವರ ಬಗ್ಗೆ ಇರುವ ಕಾಳಜಿ ಅಂತ ನನಗೆ ಅನ್ನಿಸುತ್ತದೆ.

ಈ ಕಾಳಜಿ ಕನ್ನಡದಲ್ಲಿ ಇಲ್ಲವಾ? ಧಾರಾಳವಾಗಿ ಇದೆ. ಅಜ್ಜಿ ಕತೆ ಹೇಗೆ ಶುರುವಾಗುತ್ತದೆ? ‘ಒಂದೂರಲ್ಲಿ ಒಬ್ಬ ರಾಜ ಇದ್ದ. ಆ ರಾಜನಿಗೆ ಮೂರು ಜನ ಮಕ್ಕಳು.’ ಮೊದಲ ಸಲ ‘ಒಬ್ಬ’, ಎರಡನೇ ಸಲ ‘ಆ’. ಯಾವ ಅಜ್ಜಿಯೂ ‘ಆ ರಾಜ ಇದ್ದ’ ಅಂತ ಕತೆ ಶುರು ಮಾಡುವುದಿಲ್ಲ. ಮಾಡಿದರೆ ಮಗು ತಕ್ಷಣ ‘ಯಾವ ರಾಜ?’ ಅಂತ ತಡೆಯುತ್ತದೆ. ‘ಎ ಕಿಂಗ್’, ‘ದ ಕಿಂಗ್’ ಅಂದರೆ ಇದೇ. ಇಂಗ್ಲಿಷು ತನ್ನ ಆರ್ಟಿಕಲ್ಸ್ ಮಾಡಿಕೊಂಡದ್ದೂ ‘ಒಂದು’ ಮತ್ತು ‘ಆ’ ಅನ್ನುವ ಅರ್ಥದ ಪದಗಳಿಂದಲೇ. ನಾವು ಬೇಕಾದಾಗ ಮಾತ್ರ ಬಳಸುತ್ತೇವೆ. ಅವರು ಅದನ್ನು ಕಡ್ಡಾಯ ಮಾಡಿಕೊಂಡರು.

ಅದಕ್ಕಿಂತ ಸೂಕ್ಷ್ಮವಾದದ್ದು ಇನ್ನೊಂದಿದೆ. ಒಂದು ಸೋಮವಾರ ಬೋರ್ಡಿನ ಮೇಲೆ ಎರಡು ವಾಕ್ಯ ಬರೆದೆ.

ಅಪ್ಪ ಹಸು ತರಲು ಹೋದರು.

ಅಪ್ಪ ಹಸುವನ್ನು ತರಲು ಹೋದರು.

‘ಅಪ್ಪ ಎಲ್ಲಿಗೆ ಹೋದರು, ಹೇಳಿ’ ಅಂದೆ. ಮುಂದಿನ ಸಾಲಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ವಾಕ್ಯದಲ್ಲಿ ಜಾಗದ ಹೆಸರೇ ಇಲ್ಲವಲ್ಲ. ಸ್ವಲ್ಪ ಹೊತ್ತಾದ ಮೇಲೆ ಗೋಡೆ ಪಕ್ಕ ಕೂತಿದ್ದ ಒಬ್ಬ ಹುಡುಗಿ ಎದ್ದು ನಿಂತಳು. ಕ್ಲಾಸಿನಲ್ಲಿ ಬಾಯಿ ಬಿಡುವವಳೇ ಅಲ್ಲ ಅವಳು.

‘ಮೊದಲ್ನೇದ್ರಲ್ಲಿ ಸಂತೆಗೆ ಮಿಸ್. ಎರಡ್ನೇದ್ರಲ್ಲಿ ಗದ್ದೆ ತಾವ್ಕೆ.’

‘ಯಾಕೆ?’

‘ಎರಡ್ನೇದು ನಮ್ಮ ಹಸ ಅಲ್ವಾ ಮಿಸ್. ಮೇಯಕ್ಕೆ ಕಟ್ಟಿರ್ತಾರೆ.’

ನಾನು ಸುಮ್ನೆ ನಿಂತುಬಿಟ್ಟೆ. ಒಂದು ‘ಅನ್ನು’ ಸೇರಿದ್ದಕ್ಕೆ ಹಸು ಸಂತೆಯಿಂದ ಗದ್ದೆಗೆ ಬಂತು, ಯಾರದೋ ಆಗಿದ್ದದ್ದು ನಮ್ಮದಾಯಿತು. ಇದನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ. ಕೆಳಗೆ ಇಂಗ್ಲಿಷಿನಲ್ಲಿ ಬರೆದೆ. ‘ಫಾದರ್ ವೆಂಟ್ ಟು ಬ್ರಿಂಗ್ ಎ ಕೌ.’ ‘ಫಾದರ್ ವೆಂಟ್ ಟು ಬ್ರಿಂಗ್ ದ ಕೌ.’ ಯಾವುದು ಸಂತೆ, ಯಾವುದು ಗದ್ದೆ ಅಂತ ಕೇಳಿದೆ. ಕ್ಲಾಸಿಗೆ ಕ್ಲಾಸೇ ಒಟ್ಟಿಗೆ ಕೂಗಿತು. ಆ ದಿನದಿಂದ ನಮ್ಮ ಕ್ಲಾಸಿನಲ್ಲಿ ‘ಎ’ಗೆ ಸಂತೆ ಹಸು ಅಂತಲೂ ‘ದಿ’ಗೆ ಗದ್ದೆ ಹಸು ಅಂತಲೂ ಹೆಸರು ಬಂತು. ಈಗ ಯಾರಾದರೂ ತಪ್ಪು ಬರೆದರೆ ನಾನು ತಿದ್ದುವುದಿಲ್ಲ, ‘ಸಂತೆಯೋ ಗದ್ದೆಯೋ?’ ಅಂತ ಕೇಳುತ್ತೇನೆ.

ಈ ‘ಅನ್ನು’ ಎಲ್ಲಾ ಕಡೆ ಕೈಹಿಡಿಯುವುದಿಲ್ಲ, ಅದನ್ನೂ ಹೇಳಬೇಕು. ಮನುಷ್ಯರ ವಿಷಯದಲ್ಲಿ ‘ಒಬ್ಬ ಹುಡುಗನನ್ನು ನೋಡಿದೆ’ ಅಂತ ‘ಅನ್ನು’ ಬಂದೇ ಬರುತ್ತದೆ, ಹುಡುಗ ಗೊತ್ತಿರಲಿ ಬಿಡಲಿ. ಆದರೂ ‘ಹೆಣ್ಣು ನೋಡಲು ಹೋದರು’ ಮತ್ತು ‘ಹೆಣ್ಣನ್ನು ನೋಡಲು ಹೋದರು’ ಒಂದೇ ಅಲ್ಲ ಅಂತ ದೊಡ್ಡವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ‘ಅನ್ನು’ ಇಲ್ಲದ ಕಡೆ ನಾವು ಪದದ ಜಾಗ ಬದಲಿಸಿ ಅದೇ ಕೆಲಸ ಮಾಡಿಕೊಳ್ಳುತ್ತೇವೆ. ‘ಬಾಗಿಲ ಹತ್ರ ನಾಯಿ ಇದೆ’ ಅಂದರೆ ಯಾವುದೋ ನಾಯಿ, ಹುಷಾರು. ‘ನಾಯಿ ಬಾಗಿಲ ಹತ್ರ ಇದೆ’ ಅಂದರೆ ನಮ್ಮ ನಾಯಿ, ಹುಡುಕಬೇಡ. ಮೊದಲನೆಯದು ‘ಎ ಡಾಗ್’, ಎರಡನೆಯದು ‘ದ ಡಾಗ್’. ಇದೇ ನಾಯಿಯನ್ನು ಇಂಗ್ಲಿಷಿನವರು ಒಂದು ಪುಟ್ಟ ಪದದಿಂದ ಬೇರೆ ಮಾಡುತ್ತಾರೆ.

ಏನೂ ಹಾಕಬಾರದ ಕಡೆಗಳು ಇವೆಯಲ್ಲ, ಅಲ್ಲಿ ನಮ್ಮ ಮಕ್ಕಳು ಅಷ್ಟು ತಪ್ಪುವುದಿಲ್ಲ. ಹಾಲು, ನೀರು, ಅಕ್ಕಿ, ಬೆಲ್ಲ ಇವನ್ನು ನಾವೂ ಹಾಗೇ ಎಣಿಸುವುದಿಲ್ಲ. ಆಲೆಮನೆಗೆ ಹೋಗಿ ‘ಒಂದು ಬೆಲ್ಲ ಕೊಡಿ’ ಅಂತ ಯಾರೂ ಕೇಳುವುದಿಲ್ಲ, ‘ಒಂದು ಅಚ್ಚು ಬೆಲ್ಲ’ ಅಂತಾರೆ. ಒಂದು ಲೋಟ ಹಾಲು, ಒಂದು ಜಲ್ಲೆ ಕಬ್ಬು. ಹೋಟೆಲಿನಲ್ಲಿ ಮಾತ್ರ ‘ಒಂದು ಕಾಫಿ’ ಅಂತೀವಿ, ಇಂಗ್ಲಿಷಿನವರೂ ಅಲ್ಲಿ ‘ಎ ಕಾಫಿ’ ಅಂತಾರೆ. ಊರಿನ ಹೆಸರಿಗೆ ಆರ್ಟಿಕಲ್ ಇಲ್ಲ, ಮಂಡ್ಯ ಬರೀ ಮಂಡ್ಯ. ನದಿಗೆ ಬೇಕು, ‘ದ ಕಾವೇರಿ’. ಬೆಟ್ಟಗಳ ಸಾಲಿಗೆ ಬೇಕು, ‘ದ ವೆಸ್ಟರ್ನ್ ಘಾಟ್ಸ್’. ಒಂಟಿ ಬೆಟ್ಟಕ್ಕೆ ಬೇಡ, ‘ಚಾಮುಂಡಿ ಹಿಲ್’. ಇವುಗಳಿಗೆ ಕಾರಣ ಹುಡುಕುತ್ತಾ ಕೂರುವುದಕ್ಕಿಂತ ಓದಿ ಓದಿ ರೂಢಿ ಮಾಡಿಕೊಳ್ಳುವುದೇ ವಾಸಿ. ‘ದಿ’ ಪದವನ್ನು ಸ್ವರದ ಮುಂದೆ ‘ದಿ’ ಅಂತಲೂ ವ್ಯಂಜನದ ಮುಂದೆ ‘ದ’ ಅಂತಲೂ ಹೇಳುವುದು ಕೂಡ ಕೇಳಿ ಕೇಳಿ ಬರುವಂಥದ್ದು.

ನನಗೆ ನಿಜವಾಗಿ ಬೇಸರ ತರಿಸುವುದು ಬಿಟ್ಟ ಸ್ಥಳ ತುಂಬಿಸುವ ಪ್ರಶ್ನೆಗಳು. ಹಿಂದೆ ಒಂದು ವರ್ಕ್‌ಬುಕ್ಕಿನಲ್ಲಿ ‘ಐ ಸಾ ಡ್ಯಾಶ್ ಡಾಗ್’ ಅಂತ ಇತ್ತು. ಹಿಂದೆ ಮುಂದೆ ಏನೂ ಇಲ್ಲ. ಉತ್ತರ ‘ಎ’ ಅಂತ ಕೊನೇ ಪುಟದಲ್ಲಿತ್ತು. ಒಬ್ಬ ಹುಡುಗಿ ‘ದ’ ಬರೆದಿದ್ದಳು. ನಾನು ಉತ್ತರದ ಪುಟ ನೋಡಿ ತಪ್ಪು ಹಾಕಿದೆ, ಅರ್ಧ ಮಾರ್ಕು ಕಳೆದೆ. ಅವಳು ಹತ್ತಿರ ಬಂದು ಹೇಳಿದ್ದು ಇಷ್ಟೇ: ‘ಮಿಸ್, ನಾನು ನೋಡಿದ್ದು ನಮ್ಮ ನಾಯೀನೇ.’ ಆಗ ನಾನು ‘ಅದೆಲ್ಲಾ ಇಲ್ಲ, ಎ ಅಂತ ಬರಿ’ ಅಂದುಬಿಟ್ಟೆ. ಅವಳ ನಾಯಿ ಯಾವುದು ಅಂತ ಅವಳಿಗೆ ಗೊತ್ತಿತ್ತು. ಆ ವಾಕ್ಯಕ್ಕೆ ಎರಡೂ ಉತ್ತರ ಸರಿ. ಅವಳೀಗ ಹೈಸ್ಕೂಲಿನಲ್ಲಿದ್ದಾಳೆ. ಆ ಅರ್ಧ ಮಾರ್ಕು ನನಗೆ ಇನ್ನೂ ನೆನಪಿದೆ.

ಆರ್ಟಿಕಲ್ ಒಂದು ವಾಕ್ಯದ ಒಳಗೆ ಬದುಕುವುದಿಲ್ಲ. ಅದಕ್ಕೆ ಕನಿಷ್ಠ ಎರಡು ವಾಕ್ಯ ಬೇಕು, ಇಲ್ಲವೇ ಕೇಳುವ ಒಬ್ಬ ಮನುಷ್ಯ ಬೇಕು. ಹಾಗಾಗಿ ನಾನೀಗ ಡ್ಯಾಶ್ ಪ್ರಶ್ನೆ ಕೊಡುವುದನ್ನು ಆದಷ್ಟು ಕಮ್ಮಿ ಮಾಡಿದ್ದೇನೆ. ಪರೀಕ್ಷೆಗೆ ಬೇಕು ಅಂತ ಕೊನೇ ಎರಡು ವಾರ ಮಾಡಿಸುತ್ತೇನೆ. ಉಳಿದಂತೆ ಇಬ್ಬಿಬ್ಬರನ್ನು ಕೂರಿಸಿ, ಒಬ್ಬರು ಇನ್ನೊಬ್ಬರಿಗೆ ನಾಲ್ಕು ವಾಕ್ಯದ ಕತೆ ಹೇಳಬೇಕು ಅನ್ನುತ್ತೇನೆ. ಅಜ್ಜಿಯಿಂದ ಕೇಳಿದ ಕತೆಯೇ ಆಗಲಿ. ಕೇಳುವವರಿಗೆ ಒಂದೇ ಹಕ್ಕು. ಗೊತ್ತಿಲ್ಲದ್ದಕ್ಕೆ ‘ದ’ ಹಾಕಿದರೆ ‘ವಿಚ್ ಕಿಂಗ್?’, ‘ವಿಚ್ ಟ್ರೀ?’ ಅಂತ ತಡೆಯಬಹುದು. ಈ ‘ವಿಚ್’ ಅವರಿಗೆ ಎಷ್ಟು ಇಷ್ಟ ಅಂದರೆ ಊಟದ ಹೊತ್ತಿನಲ್ಲೂ ಅಂಗಳದಲ್ಲಿ ಕೇಳಿಸುತ್ತದೆ.

ಕಳೆದ ವಾರ ‘ಔಸ್’ ಹುಡುಗ ನೋಟ್ ಪುಸ್ತಕ ತಂದು ತೋರಿಸಿದ. ತನ್ನ ಮನೆಯ ಬಗ್ಗೆ ಮೂರು ಸಾಲು ಬರೆದಿದ್ದ. ಓದುವ ಮುಂಚೆ ಅಂಗೈಯನ್ನು ಬಾಯಿ ಹತ್ತಿರ ಇಟ್ಟುಕೊಂಡ.

‘ಐ ಲಿವ್ ಇನ್ ಎ ಹೌಸ್. ದ ಹೌಸ್ ಈಸ್ ಸ್ಮಾಲ್. ಇಟ್ ಈಸ್ ನಿಯರ್ ದ ಕೆನಾಲ್.’

ಮೊದಲ ಎರಡು ಸಾಲು ನೋಡಿ ಖುಷಿಯಾಯಿತು. ಮೂರನೆಯದಕ್ಕೆ ನಾನೇ ತಡೆದೆ. ಕೆನಾಲ್ ಹಿಂದೆ ಎಲ್ಲೂ ಬಂದಿಲ್ಲವಲ್ಲ, ಮೊದಲ ಸಲವೇ ‘ದ’ ಹಾಕಿದ್ದಾನೆ. ‘ವಿಚ್ ಕೆನಾಲ್?’ ಅಂದೆ.

ಅವನು ಕೈ ಕೆಳಗಿಳಿಸಿ ನನ್ನನ್ನು ನೋಡಿದ. ಎಷ್ಟೋ ವರ್ಷದಿಂದ ದಿನಾ ಅದೇ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಸೇತುವೆ ದಾಟಿ ಶಾಲೆಗೆ ಬರುವ ನಾನು ಹೀಗೆ ಕೇಳುತ್ತಿದ್ದೇನಲ್ಲ ಅಂತ ಅವನಿಗೆ ಆಶ್ಚರ್ಯ.

‘ನಾಲೆ ಮಿಸ್. ನಮ್ಮೂರಲ್ಲಿ ಇರೋದೇ ಒಂದಲ್ವಾ?’